ದಿವಾನಗಿರಿಯ ಪರಂಪರೆ

ಮೈಸೂರನ್ನು 'ಮಾದರಿ ಸಂಸ್ಥಾನ'ವೆಂದು ಕೊಂಡಾಡುವ ವಾಡಿಕೆ ನಮ್ಮಲ್ಲಿ ಎಷ್ಟು ಬಲವಾಗಿ ಬೇರೂರಿದೆಯೆಂದರೆ, ಆ ಮಾದರಿಯ ಸ್ವರೂಪವೇನು, ಅದು ಯಾರಿಗೆ ಉತ್ತರವಾದಿಯಾಗಿತ್ತು, ಅದರಿಂದ ನಮಗೆ ಬಂದ ಆಸ್ತಿಯೆಷ್ಟು ಋಣವೆಷ್ಟು ಎಂದು ವಿಚಾರಿಸುವುದೇ ಕೃತಘ್ನತೆಯೆಂಬಂತೆ ತೋರುವುದುಂಟು. ಕನ್ನಂಬಾಡಿಯ ಕಟ್ಟೆಯನ್ನೂ 1916ರ ವಿಶ್ವವಿದ್ಯಾನಿಲಯವನ್ನೂ ಕಣ್ಣೆದುರಿಗಿಟ್ಟುಕೊಂಡವರಿಗೆ ಈ ಸಂಕೋಚ ಸಹಜವೇ. ಆದರೂ ಒಂದು ಆಡಳಿತಪರಂಪರೆಯ ಗುಣದೋಷಗಳನ್ನು ಅಳೆಯಬೇಕಾದರೆ, ಅದು ನಿರ್ಮಿಸಿದ್ದನ್ನು ನೋಡುವಷ್ಟೇ ಶ್ರದ್ಧೆಯಿಂದ, ಅಹವಾಲು ಹೇಳಿಕೊಳ್ಳಲು ಬಂದ ರೈತನನ್ನು ಅದು ಎಲ್ಲಿ ನಿಲ್ಲಿಸಿ ಮಾತಾಡಿಸಿತೆಂಬುದನ್ನೂ ನೋಡಬೇಕಾಗುತ್ತದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಬಾಲರಾಜನ ಪರವಾಗಿ ರಾಜ್ಯವನ್ನು ನಡೆಸಿದ ಪೂರ್ಣಯ್ಯನವರದು ಒಬ್ಬ ಸಮರ್ಥನ ಮುಷ್ಟಿಯಲ್ಲಿ ನಿಂತ ಆಡಳಿತ. ಆ ಮುಷ್ಟಿ ಸಡಿಲವಾದೊಡನೆ ಕಂದಾಯದ ಗುತ್ತಿಗೆ, ಅಮಲ್ದಾರರ ಸುಲಿಗೆ, 1830ರ ನಗರದ ದಂಗೆ, ಮರುವರ್ಷವೇ ಬ್ರಿಟಿಷರ ಕೈಗೆ ರಾಜ್ಯದ ಹಸ್ತಾಂತರ, ಇವು ಒಂದರ ಬೆನ್ನಿಗೊಂದು ಬಂದವು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಹಳೆಯ ವ್ಯವಸ್ಥೆಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿ, ಅದರ ಕಳೆಯನ್ನಷ್ಟೇ ಕಿತ್ತು ಆಳಿದನು. ಅವನ ಅನಂತರ ಬಂದ ಬೌರಿಂಗ್ ಇಲಾಖೆಗಳನ್ನೂ ಡೆಪ್ಯುಟಿ ಕಮಿಷನರುಗಳನ್ನೂ ನಿಯಮಾವಳಿಗಳನ್ನೂ ತಂದು ನಿಲ್ಲಿಸಿದನು. ವ್ಯಕ್ತಿಯ ವಿವೇಕದಿಂದ ಕಡತದ ನಿಯಮಕ್ಕೆ ರಾಜ್ಯ ಹೊರಳಿದ್ದು ಇಲ್ಲಿ. ಈ ಹೊರಳಿನ ಬೆಲೆ ಏನೆಂಬುದನ್ನು 1876ರಿಂದ 78ರ ಕ್ಷಾಮ ತೋರಿಸಿತು: ಅಷ್ಟೆಲ್ಲ ಕ್ರಮಬದ್ಧವಾಗಿದ್ದ ಸರ್ಕಾರದ ಕಣ್ಣೆದುರಿಗೇ ಸಂಸ್ಥಾನದ ಜನಸಂಖ್ಯೆಯ ಐದನೆಯ ಒಂದು ಪಾಲಿನಷ್ಟು ಜನ ಅಳಿದುಹೋದರು.

1881ರ ಮಾರ್ಚ್‌ನಲ್ಲಿ ರಾಜ್ಯವು ಮರಳಿ ಒಡೆಯರ ಮನೆತನಕ್ಕೆ ಸೇರಿದಾಗ ದಿವಾನರಾದ ರಂಗಾಚಾರ್ಲು ಅವರು ಅದೇ ವರ್ಷದ ದಸರೆಯಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಅಂದು ಸೇರಿದ 144 ಮಂದಿ ರೈತರೂ ವರ್ತಕರೂ ಚುನಾಯಿತರಲ್ಲ; ಊರಿನಲ್ಲಿ ನಾಲ್ಕು ಜನ ಮನ್ನಿಸುವ ಗೃಹಸ್ಥರೆಂದು ಆರಿಸಿ ಕಳುಹಿಸಲ್ಪಟ್ಟವರು. ದಿವಾನರು ವರ್ಷದ ಆದಾಯವೆಚ್ಚಗಳನ್ನೂ ಮುಂದಿನ ಕಾರ್ಯಗಳನ್ನೂ ಓದಿ ಹೇಳುವರು. ಸದಸ್ಯರು ತಾಲ್ಲೂಕಿನ ಸರದಿಯಂತೆ ಎದ್ದು, ಒಡೆದ ಕೆರೆಯ ಏರಿ, ಹುಲ್ಲುಗಾವಲಿನ ತೊಡಕು, ಕಾಡಿನ ಸೌದೆಗೆ ಬಿದ್ದ ನಿರ್ಬಂಧ, ಇಂಥವನ್ನು ನಿವೇದಿಸುವರು. ದಿವಾನರು ಪರಿಶೀಲಿಸುವುದಾಗಿ ಉತ್ತರಿಸುವರು. ಮತವಿಲ್ಲ, ನಿರ್ಣಯವಿಲ್ಲ, ಆಯವ್ಯಯದ ಮೇಲೆ ಹಿಡಿತವಿಲ್ಲ. ಭಾರತದಲ್ಲಿ ಅದಕ್ಕೆ ಮೊದಲು ಯಾವ ದೊರೆಯೂ ರೈತನಿಗೆ ಲೆಕ್ಕ ಓದಿ ಹೇಳುವ ಇಂಥ ಸಭೆಯನ್ನು ನಡೆಸಿರಲಿಲ್ಲವಾಗಿ ಇದು ಸಾಹಸವೇ ಸರಿ. ಆದರೆ ಲೆಕ್ಕ ಕೇಳಿಸಿಕೊಳ್ಳುವ ಹಕ್ಕಿಗೂ ಲೆಕ್ಕ ಕೇಳುವ ಹಕ್ಕಿಗೂ ಇರುವ ಅಂತರವನ್ನು ಮೈಸೂರು ಮುಂದಿನ ಅರುವತ್ತು ವರ್ಷ ದಾಟಲೇ ಇಲ್ಲ. ರಂಗಾಚಾರ್ಲು ಅವರು 1883ರಲ್ಲಿಯೇ ತೀರಿಕೊಂಡರು. ಬದುಕಿದ್ದರೆ ದಾಟಿಸುತ್ತಿದ್ದರೋ ಏನೋ.

ಅವರ ಅನಂತರ ದಿವಾನರಾದ ಶೇಷಾದ್ರಿ ಅಯ್ಯರ್ ಅವರ ಹದಿನೆಂಟು ವರ್ಷಗಳು ರೈಲು, ಕೋಲಾರದ ಚಿನ್ನ, ಶಿವನಸಮುದ್ರದ ವಿದ್ಯುತ್ತು, ಇವುಗಳ ಕಾಲ. ಸಿವಿಲ್ ಸರ್ವೀಸ್ ಪರೀಕ್ಷೆಯ ಮೂಲಕ ಅಧಿಕಾರಿಗಳನ್ನು ಆರಿಸುವ ಪದ್ಧತಿಯೂ ಆಗಲೇ ಬಂದಿತು. 1912ರಲ್ಲಿ ದಿವಾನರಾದ ವಿಶ್ವೇಶ್ವರಯ್ಯನವರು ಈ ಪರಂಪರೆಯನ್ನು ಅದರ ತಾರ್ಕಿಕ ಶಿಖರಕ್ಕೆ ಒಯ್ದರು. ಸರ್ಕಾರವೆಂದರೆ ಕಂದಾಯವನ್ನೆತ್ತಿ ಶಾಂತಿಯನ್ನು ಕಾಯುವ ಯಂತ್ರವೆಂಬ ಹಿಂದಿನ ಭಾವನೆಯನ್ನು ತೊಡೆದು, ಉತ್ಪಾದನೆ, ವಿದ್ಯೆ, ಕೈಗಾರಿಕೆಗಳನ್ನು ಯೋಜಿಸಿ ಬೆಳೆಸುವುದೇ ಅದರ ಧರ್ಮವೆಂದು ಸಾಧಿಸಿದವರು ಅವರು. ಇಂಡಿಯಾ ದೇಶದಲ್ಲಿ ಯೋಜನಾಬದ್ಧ ಆಡಳಿತದ ಕಲ್ಪನೆ ಇಷ್ಟು ಸ್ಪಷ್ಟವಾಗಿ ಮೊದಲು ಮೂಡಿದ್ದು ಮೈಸೂರಿನಲ್ಲಿಯೇ ಎನ್ನಲು ನನಗೆ ಅಳುಕಿಲ್ಲ. ಅವರ ದೃಷ್ಟಿಯಲ್ಲಿ ಪ್ರಜೆಯು ತರಬೇತಾಗಬೇಕಾದವನು. ತರಬೇತು ಕೊಡುವವರು ಪರೀಕ್ಷೆಯಲ್ಲಿ ತೇರ್ಗಡೆಯಾದ ದಕ್ಷರು. ಆ ದಕ್ಷರು ಯಾವ ಮನೆಗಳಿಂದ ಬಂದವರೆಂಬ ಪ್ರಶ್ನೆ ಅವರಿಗೆ ಅಪ್ರಸ್ತುತವಾಗಿ ಕಂಡಿತು.

ಆ ಪ್ರಶ್ನೆಯನ್ನು ಎತ್ತಿದವರು ಬ್ರಾಹ್ಮಣೇತರ ಸಮುದಾಯಗಳ ಮುಖಂಡರು. ಅಧಿಕಾರವರ್ಗದ ಮೇಲಿನ ಮೆಟ್ಟಿಲುಗಳನ್ನು ಜನಸಂಖ್ಯೆಯಲ್ಲಿ ಅತ್ಯಲ್ಪವಾದ ಒಂದೇ ಜಾತಿ ಬಹುಪಾಲು ತುಂಬಿಕೊಂಡಿರುವಾಗ, ಹಳ್ಳಿಯ ಒಕ್ಕಲಿಗನಿಗೂ ಕುರುಬನಿಗೂ ಕಚೇರಿ ತನ್ನದೆನಿಸುವುದೆಂತು? 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನೇಮಿಸಿದ ಮಿಲ್ಲರ್ ಸಮಿತಿಯು ಮುಂದಿನ ವರ್ಷ ಕೊಟ್ಟ ವರದಿಯಲ್ಲಿ, ದಕ್ಷತೆಯನ್ನು ಕೇವಲ ಪರೀಕ್ಷೆಯ ಅಂಕಗಳಿಂದ ಅಳೆಯಬಾರದೆಂದೂ, ಜನರ ವಿಷಯದಲ್ಲಿ ಸಹಾನುಭೂತಿ, ಪ್ರಾಮಾಣಿಕತೆ, ವ್ಯವಹಾರಜ್ಞಾನಗಳೂ ಅದರ ಅಂಗಗಳೆಂದೂ ವಾದಿಸಿ, ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೂ ಕೆಳದರ್ಜೆಯವುಗಳಲ್ಲಿ ಮೂರನೆಯ ಎರಡು ಪಾಲಿಗೂ ಕಡಮೆಯಿಲ್ಲದಂತೆ ಹಿಂದುಳಿದವರನ್ನು ನೇಮಿಸಬೇಕೆಂದಿತು. ವಿಶ್ವೇಶ್ವರಯ್ಯನವರು ಇಂಥ ನೀತಿಯನ್ನು ಒಪ್ಪದೆ, ವರದಿ ಬರುವ ಮೊದಲೇ ದಿವಾನಗಿರಿಯನ್ನು ತ್ಯಜಿಸಿದ್ದರು. ಅವರ ನಿಷ್ಠೆ ಶಂಕಾತೀತ; ತೀರ್ಮಾನ ಮಾತ್ರ ತಪ್ಪು. ಮೈಸೂರಿನ ಆಡಳಿತಚಿಂತನೆಯ ಇತಿಹಾಸದಲ್ಲಿ ನಿಜವಾದ ತಿರುವು ಯಾವುದೆಂದು ಕೇಳಿದರೆ, ಅಣೆಕಟ್ಟನ್ನು ಬದಿಗಿಟ್ಟು ಈ ತೆಳುವಾದ ವರದಿಯ ಕಡೆಗೆ ನಾನು ಬೆರಳು ತೋರಿಸುವೆನು.

ಮುಂದೆ ದಿವಾನರಾದ ಮಿರ್ಜಾ ಇಸ್ಮಾಯಿಲರು ನಗರಗಳನ್ನು ಸುಂದರಗೊಳಿಸಿದರು, ಕಾರ್ಖಾನೆಗಳನ್ನು ಬೆಳೆಸಿದರು; ಜವಾಬ್ದಾರಿ ಸರ್ಕಾರದ ಬೇಡಿಕೆ ಎದ್ದಾಗ ಅವರ ಸೌಜನ್ಯ ಸಾಲದಾಯಿತು. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿತು. ಅಹವಾಲಿಗೆ ಕಿವಿಗೊಡುವ ಸರ್ಕಾರವು ಹಕ್ಕೊತ್ತಾಯಕ್ಕೆ ಹೇಗೆ ವರ್ತಿಸುವುದೆಂಬುದು ಅಂದು ಬಯಲಾಯಿತು.

ಸ್ವಾತಂತ್ರ್ಯಾನಂತರವೂ ದಿವಾನಗಿರಿಯ ಮನೋಧರ್ಮ ಅಳಿಯಲಿಲ್ಲ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಬರೆದಿದೆ; ಭಕ್ತನು ದೇವರಲ್ಲಿ ಮೊರೆಯಿಡಬಹುದೇ ಹೊರತು ಜಮಾಖರ್ಚು ಕೇಳುವಂತಿಲ್ಲವಷ್ಟೆ! 1961ರ ಕಾಯಿದೆ ವಂಶಪಾರಂಪರ್ಯದ ಶಾನುಭೋಗಿಕೆಯನ್ನು ಕೊನೆಗಾಣಿಸಿದರೂ ಪಹಣಿಯ ಪುಸ್ತಕ ಗ್ರಾಮಲೆಕ್ಕಿಗನ ಚೀಲದಲ್ಲಿಯೇ ಉಳಿಯಿತು. 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೇರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ನಕಲು ದೊರೆಯುವಂತೆ ಮಾಡಿದಾಗ, ಬ್ಯಾಂಕಿನ ಸಾಲಕ್ಕಾಗಿ ಅಲೆಯುತ್ತಿದ್ದ ರೈತನಿಗಾದ ನೆಮ್ಮದಿ ಅಲ್ಪದ್ದಲ್ಲ. 2011ರ 'ಸಕಾಲ' ಕಾಯಿದೆಯಂತೂ ವಿಳಂಬದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, 500ಕ್ಕೆ ಮೀರದಂತೆ, ಪರಿಹಾರವನ್ನೂ ಗೊತ್ತುಮಾಡಿತು. ಇವೆಲ್ಲ ಮಿಗಿಲಾದ ಸೇವೆಗಳೇ. ಆದರೆ ಸೇವೆ ಪಡೆಯುವವನು ಇಲ್ಲಿಯೂ ಅರ್ಜಿದಾರನೇ.

ಈ ಜಾಡನ್ನು ಬಿಟ್ಟು ನಡೆದ ಪ್ರಯತ್ನ ಒಂದೇ: ಸಚಿವ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಪಂಚಾಯಿತಿ ಕಾಯಿದೆ, ಅದರಂತೆ 1987ರಲ್ಲಿ ಚುನಾಯಿತವಾದ ಜಿಲ್ಲಾ ಪರಿಷತ್ತುಗಳು. ಜಿಲ್ಲೆಯ ಅಭಿವೃದ್ಧಿ ಕಾರ್ಯಗಳನ್ನು ಚುನಾಯಿತ ಅಧ್ಯಕ್ಷನ ಕೈಗೊಪ್ಪಿಸಿ, ಹಿರಿಯ ಅಧಿಕಾರಿಯನ್ನು ಅವನ ಅಧೀನದಲ್ಲಿ ಮುಖ್ಯ ಕಾರ್ಯದರ್ಶಿಯಾಗಿ ನಿಲ್ಲಿಸಿದ ಆ ಏರ್ಪಾಡಿನಲ್ಲಿ, ಬೌರಿಂಗನ ಕಾಲದಿಂದ ಮೇಲಕ್ಕೆ ಮಾತ್ರ ನೋಡುತ್ತಿದ್ದ ಅಧಿಕಾರ ಮೊದಲ ಬಾರಿಗೆ ಪಕ್ಕಕ್ಕೆ ತಿರುಗಿ ನೋಡಬೇಕಾಯಿತು. ಅಂಥ ಪರಿಷತ್ತುಗಳ ಉತ್ತರಾಧಿಕಾರಿಗಳಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ, ವರ್ಷಗಟ್ಟಲೆ ಚುನಾವಣೆ ನಡೆಯದೆ, ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳೇ ಅವುಗಳನ್ನು ನಡೆಸಿದರು.