ಬೆಂಚ್ ಮೇಲೆ ಕೂತ ಕೌಬಾಯ್

ಫ್ರೆಡ್ ಥಾಮ್ಸನ್ ಬಗ್ಗೆ ಎಲ್ಲಿ ಓದಿದರೂ ಕಥೆ ಒಂದೇ ಥರ ಮುಗಿಯುತ್ತೆ. ಮೂಕಿ ಚಿತ್ರಗಳ ಕಾಲದ ದೊಡ್ಡ ಕೌಬಾಯ್ ನಾಯಕ. ಕುದುರೆ ಲಾಯದಲ್ಲಿ ಮೊಳೆ ತುಳಿದ, ಧನುರ್ವಾಯು ಆಯ್ತು, 1928ರ ಕ್ರಿಸ್‌ಮಸ್ ದಿನ ತೀರಿಕೊಂಡ. ವಯಸ್ಸು 38. ಕೀರ್ತಿಯ ತುತ್ತತುದಿಯಲ್ಲಿದ್ದಾಗಲೇ ವಿಧಿ ಕಿತ್ಕೊಂಡು ಹೋಯ್ತು ಅಂತ ಒಂದು ನಿಟ್ಟುಸಿರು, ಅಲ್ಲಿಗೆ ಲೇಖನ ಮುಗೀತು.

ಮೊದಲು ಓದಿದಾಗ ನನಗೂ ಕರುಳು ಚುರುಕ್ ಅಂದಿತ್ತು. ದನದ ಕೊಟ್ಟಿಗೆ ಪಕ್ಕದಲ್ಲೇ ಬೆಳೆದವನು ನಾನು. ಎತ್ತಿಗೆ ಲಾಳ ಹೊಡೆಯೋನು ಬಂದು ಹೋದ ದಿನ ಬರಿಗಾಲಲ್ಲಿ ಓಡಾಡಿ ಮೊಳೆ ತುಳಿದು, ಅವ್ವನ ಕೈಲಿ ಎರಡು ಏಟು ತಿಂದು, ಅವಳ ಹಿಂದೇನೇ ಎರಡು ಮೈಲಿ ಕುಂಟಿಕೊಂಡು ಹೋಗಿ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡಿದ್ದು ಇನ್ನೂ ನೆನಪಿದೆ. ಆದರೆ ಥಾಮ್ಸನ್ ಚಿತ್ರಗಳ ಪಟ್ಟಿಯನ್ನ ತಾರೀಕಿನ ಸಮೇತ ಎದುರಿಗೆ ಇಟ್ಟುಕೊಂಡು ನೋಡಿದಾಗ ಆ 'ತುತ್ತತುದಿ' ಅನ್ನೋ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳೋಕೆ ಶುರುವಾಯ್ತು. ಮೊಳೆ ಕಾಲಿಗೆ ಹೊಕ್ಕೋ ಹೊತ್ತಿಗೆ ಈ ಮನುಷ್ಯನ ಕೈಲಿ ಕೆಲಸವೇ ಇರಲಿಲ್ಲ. ಮೊಳೆಯನ್ನ ಬೈಯೋದು ಸುಲಭ, ಅದು ತಿರುಗಿ ಮಾತಾಡಲ್ಲ.

ಮೊದಲಿಂದ ಹೇಳ್ತೀನಿ. ಥಾಮ್ಸನ್ ಹುಟ್ಟಿದ್ದು 1890ರಲ್ಲಿ, ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ. ಅಪ್ಪ ಪ್ರೆಸ್ಬಿಟೇರಿಯನ್ ಪಾದ್ರಿ. ಮಗನೂ ಆಕ್ಸಿಡೆಂಟಲ್ ಕಾಲೇಜು ಮುಗಿಸಿ, ಪ್ರಿನ್ಸ್‌ಟನ್ನಿನಲ್ಲಿ ದೇವಶಾಸ್ತ್ರ ಓದಿ ಪಾದ್ರಿಯೇ ಆದ. ಓದಿನ ಆ ವರ್ಷಗಳಲ್ಲೇ 1910, 1911 ಮತ್ತು 1913ರಲ್ಲಿ ಅಮೆರಿಕದ 'ಆಲ್ ಅರೌಂಡ್' ಚಾಂಪಿಯನ್ ಆದ. ಇವತ್ತು ಆ ಸ್ಪರ್ಧೆ ಹೆಚ್ಚು ಕಡಿಮೆ ಮರೆತೇಹೋಗಿದೆ. ಒಂದೇ ದಿನದಲ್ಲಿ ಹತ್ತು ಸ್ಪರ್ಧೆ: ನೂರು ಗಜದ ಓಟ, ಗುಂಡು ಎಸೆತ, ಎತ್ತರ ಜಿಗಿತ, ಅರ್ಧ ಮೈಲಿ ನಡಿಗೆ, ಹ್ಯಾಮರ್, ಪೋಲ್ ವಾಲ್ಟ್, ಹರ್ಡಲ್ಸ್, 56 ಪೌಂಡಿನ ತೂಕ ಎಸೆಯೋದು, ಉದ್ದ ಜಿಗಿತ, ಕೊನೆಗೆ ಒಂದು ಮೈಲಿ ಓಟ. ಕಬಡ್ಡಿಯಲ್ಲಿ ಎರಡು ಪಂದ್ಯ ಆಡಿ ಮಾರನೇ ದಿನ ಮೆಟ್ಟಿಲು ಇಳಿಯೋಕಾಗದೆ ಗೋಡೆ ಹಿಡಿದವನಿಗೆ ಇದನ್ನ ಓದಿದರೇ ಸೊಂಟ ಹಿಡಿಯುತ್ತೆ.

ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕೆ ಪಾದ್ರಿಯಾಗಿ ಸೇರಿದ. ಅಲ್ಲೇ ಫುಟ್‌ಬಾಲ್ ಆಡೋಕೆ ಹೋಗಿ ಕಾಲು ಮುರ್ಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ, ನಟಿ ಮೇರಿ ಪಿಕ್‌ಫೋರ್ಡ್ ಜೊತೆ ಬಂದಿದ್ದ ಚಿತ್ರಕಥೆಗಾರ್ತಿ ಫ್ರಾನ್ಸಿಸ್ ಮೇರಿಯನ್ ಪರಿಚಯವಾಯ್ತು. ಯುದ್ಧ ಮುಗಿದ ಮೇಲೆ, 1919ರಲ್ಲಿ ಪ್ಯಾರಿಸ್ಸಿನಲ್ಲಿ ಮಿತ್ರ ರಾಷ್ಟ್ರಗಳ ಸೈನಿಕರಿಗಾಗಿ ನಡೆದ ಕ್ರೀಡಾಕೂಟದಲ್ಲಿ ನಮ್ಮ ಪಾದ್ರಿ ಗೆದ್ದದ್ದು ಯಾವುದರಲ್ಲಿ ಗೊತ್ತಾ? ಕೈಬಾಂಬ್ ಎಸೆಯೋದರಲ್ಲಿ! ಹತ್ತಿರ ಹತ್ತಿರ 75 ಮೀಟರ್. ಅದೇ ವರ್ಷ ಫ್ರಾನ್ಸಿಸ್ ಜೊತೆ ಮದುವೆ.

1921ರಲ್ಲಿ ಫ್ರಾನ್ಸಿಸ್ ನಿರ್ದೇಶಿಸಿದ 'ದಿ ಲವ್ ಲೈಟ್' ಚಿತ್ರದಲ್ಲಿ ಪಿಕ್‌ಫೋರ್ಡ್ ಎದುರಿಗೆ ಇವನನ್ನ ನಿಲ್ಲಿಸಿದರು. ಪಾತ್ರ ಜರ್ಮನ್ ಗೂಢಚಾರಿಯದು. ನೇರವಾಗಿ ಹೇಳಿಬಿಡ್ತೀನಿ, ಇವನು ಒಳ್ಳೆ ನಟ ಅಲ್ಲ. ಸುಳ್ಳು ಹೇಳೋ ಪಾತ್ರಕ್ಕೆ ಸುಳ್ಳು ಹೇಳೋ ಮುಖ ಬೇಕು, ಇವನದು ಭಾನುವಾರದ ಪ್ರಾರ್ಥನೆಗೆ ಬಂದವರನ್ನ ಬಾಗಿಲಲ್ಲಿ ನಿಂತು ಮಾತಾಡಿಸೋ ಮುಖ. ಇವನಿಗೆ ಸರಿಯಾದ ಜಾಗ ಸಿಕ್ಕಿದ್ದು 1924ರಲ್ಲಿ ಎಫ್‌ಬಿಒ ಅನ್ನೋ ಸಣ್ಣ ಸ್ಟುಡಿಯೋದಲ್ಲಿ. ಅಲ್ಲಿ ನಟಿಸು ಅಂತ ಯಾರೂ ಕೇಳಲಿಲ್ಲ, ಹಾರು ಅಂದರು.

ಆ ವರ್ಷದ 'ಥಂಡರಿಂಗ್ ಹೂಫ್ಸ್' ಇವತ್ತಿಗೂ ಉಳಿದಿರೋ ಚಿತ್ರ. ಒಂದು ರಾತ್ರಿ ಸರ್ವರ್ ಮೈಗ್ರೇಷನ್ ಮುಗಿಯೋದನ್ನ ಕಾಯ್ತಾ ಕೂತಾಗ ಲ್ಯಾಪ್‌ಟಾಪಿನಲ್ಲಿ ಹಾಕ್ಕೊಂಡು ನೋಡಿದೆ, ಆಮೇಲೆ ಮತ್ತೆ ಎರಡು ಸಲ ನೋಡಿದೆ. ಕಥೆ ಏನೂ ಇಲ್ಲ. ಒಳ್ಳೆಯವನು, ಕೆಟ್ಟವನು, ಶ್ರೀಮಂತ ಮೆಕ್ಸಿಕನ್ ಮನೆತನದ ಹುಡುಗಿ. ಮೆಕ್ಸಿಕನ್ನರನ್ನ ತೋರಿಸಿರೋ ರೀತಿ ನೋಡಿದರೆ ಇವತ್ತು ಮುಜುಗರ ಆಗುತ್ತೆ. ಆದರೆ ಥಾಮ್ಸನ್ ಓಡೋ ಕುದುರೆ ಮೇಲಿಂದ ಇನ್ನೊಂದಕ್ಕೆ ಹಾರುವಾಗ ಕ್ಯಾಮೆರಾ ದೂರದಲ್ಲಿ ಸುಮ್ಮನೆ ನಿಂತು ನೋಡುತ್ತೆ. ತುಂಡು ತುಂಡು ಮಾಡಿ ಅಂಟಿಸೋ ಮೋಸ ಇಲ್ಲ. ಓಟ, ಅಳತೆ, ಜಿಗಿತ, ಹಿಡಿತ ಎಲ್ಲಾ ಒಂದೇ ಉಸಿರಿನಲ್ಲಿ, ನಮ್ಮ ಕಣ್ಣೆದುರಿಗೇ. ಪೋಲ್ ವಾಲ್ಟ್ ಮಾಡಿದವನು ನೆಲ ಬಿಡೋ ಕ್ಷಣವನ್ನ ಆತುರವಿಲ್ಲದೆ ಕಾಯ್ತಾನೆ ನೋಡಿ, ಆ ಕಾಯುವಿಕೆ ಇಲ್ಲಿ ಕಾಣುತ್ತೆ. ಇದೇ ಚಿತ್ರದ ಚಿತ್ರೀಕರಣದಲ್ಲಿ ಇವನ ಕಾಲು ಮುರೀತು. ಅದು ಗೊತ್ತಿದ್ದು ನೋಡಿದರೆ ಪ್ರತಿ ಜಿಗಿತಕ್ಕೂ ಕುರ್ಚಿಯ ತುದಿಗೆ ಬರ್ತೀವಿ.

ನಮ್ಮೂರಲ್ಲಿ ಗಣೇಶನ ಹಬ್ಬಕ್ಕೆ ವಿಡಿಯೋ ಹಾಕ್ತಿದ್ದಾಗ ಫೈಟಿಂಗ್ ಬಂದರೆ ಹಿಂದಿನಿಂದ ಯಾರಾದರೂ "ಡೂಪ್ ಕಣ್ರೋ ಅದು" ಅಂತ ಕೂಗೋರು. ಆ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ, ಯಾವ ಸಾಹಸದ ಚಿತ್ರ ನೋಡಿದರೂ ಮೊದಲು ಅದೇ ಕೇಳಿಸುತ್ತೆ. ಈ ಚಿತ್ರದಲ್ಲಿ ಬಹಳ ಹೊತ್ತು ಕೇಳಿಸಲಿಲ್ಲ.

ಅವನ ಜೊತೆ 'ಸಿಲ್ವರ್ ಕಿಂಗ್' ಅನ್ನೋ ದೊಡ್ಡ ಬಿಳಿ ಕುದುರೆ. ನಿಜ ಹೇಳಬೇಕಂದರೆ ಅಭಿನಯದ ಭಾಗವನ್ನ ಅದೇ ನೋಡಿಕೊಳ್ತಿತ್ತು. ಆ ಕಾಲದಲ್ಲಿ ವಿಲಿಯಂ ಎಸ್. ಹಾರ್ಟ್ ಗಂಟುಮುಖದ ನೀತಿವಂತ ಕೌಬಾಯ್, ಟಾಮ್ ಮಿಕ್ಸ್ ಸರ್ಕಸ್ ಬಟ್ಟೆ ಹಾಕಿಕೊಂಡ ಮೋಜಿನ ಕೌಬಾಯ್. ಹಾರ್ಟ್‌ನ ನೀತಿಗೆ ಮಿಕ್ಸ್‌ನ ಲವಲವಿಕೆ ಸೇರಿಸಿದರೆ ಥಾಮ್ಸನ್. ಮಕ್ಕಳನ್ನ ನಂಬಿ ಕಳಿಸಬಹುದಾದ ಚಿತ್ರ ಅಂತ ಅಪ್ಪ ಅಮ್ಮಂದಿರಿಗೆ ಇವನ ಮೇಲೆ ವಿಶ್ವಾಸ. ಕೆಲವು ಚಿತ್ರಗಳಿಗೆ ಫ್ರಾನ್ಸಿಸ್ ಕದ್ದುಮುಚ್ಚಿ 'ಫ್ರಾಂಕ್ ಎಂ. ಕ್ಲಿಫ್ಟನ್' ಅನ್ನೋ ಗಂಡಸಿನ ಹೆಸರಲ್ಲಿ ಕಥೆ ಬರೆದಳು. ಕ್ಲಿಫ್ಟನ್ ಅನ್ನೋದು ಗಂಡನ ಹೆಸರಿನ ನಡುವಿನ ತುಂಡು. ದೊಡ್ಡ ದೊಡ್ಡ ಸ್ಟುಡಿಯೋಗಳು ಕಾದು ನಿಲ್ತಿದ್ದ ಬರಹಗಾರ್ತಿ ಆಕೆ. ಈ ಅಗ್ಗದ ಚಿತ್ರಗಳಿಗೆ ಕಥೆ ಬರೆದಿದ್ದು ಪ್ರೀತಿಗೇ ಇರಬೇಕು.

ಇಲ್ಲಿ ಇನ್ನೊಬ್ಬನ ಮಾತು ಎತ್ತದೆ ಮುಂದೆ ಹೋಗೋಕೆ ಮನಸ್ಸಾಗಲ್ಲ. ಥಾಮ್ಸನ್ ಗೆದ್ದ ವರ್ಷಗಳ ನಡುವೆ 1912 ಬಿಟ್ಟುಹೋಗಿದೆ, ಗಮನಿಸಿದಿರಾ? ಆ ವರ್ಷದ ಆಲ್ ಅರೌಂಡ್ ಚಾಂಪಿಯನ್ ಜಿಮ್ ಥಾರ್ಪ್. ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಅಮೆರಿಕದ ಮೂಲನಿವಾಸಿ, ಸ್ಯಾಕ್ ಅಂಡ್ ಫಾಕ್ಸ್ ಬುಡಕಟ್ಟಿನವನು. ಹಿಂದೆ ಯಾವಾಗಲೋ ಪುಡಿಗಾಸಿಗೆ ಬೇಸ್‌ಬಾಲ್ ಆಡಿದ್ದ ಅನ್ನೋ ಕಾರಣಕ್ಕೆ 1913ರಲ್ಲಿ ಪದಕಗಳನ್ನ ಕಿತ್ಕೊಂಡರು. ಒಲಿಂಪಿಕ್ ಸಮಿತಿ ಅವನೊಬ್ಬನೇ ವಿಜೇತ ಅಂತ ಪೂರ್ತಿಯಾಗಿ ಒಪ್ಪಿಕೊಂಡದ್ದು 2022ರಲ್ಲಿ, ಅವನು ಸತ್ತು ಸುಮಾರು 70 ವರ್ಷ ಆದ ಮೇಲೆ. ಆ ಥಾರ್ಪ್ ಕೂಡ 1930ರ ದಶಕದಲ್ಲಿ ಹಾಲಿವುಡ್ಡಿಗೆ ಬಂದ. ಅದೇ ಹತ್ತು ಸ್ಪರ್ಧೆಗಳಲ್ಲಿ ಪಳಗಿದ ಮೈ. ಸಿಕ್ಕಿದ್ದು ಗುಂಪಿನಲ್ಲಿ ನಿಲ್ಲೋ 'ಇಂಡಿಯನ್' ಪಾತ್ರ, ತೀರಾ ಅಂದರೆ ಎರಡು ಮಾತಾಡೋ ಮುಖ್ಯಸ್ಥ. ಒಂದೇ ಮೈದಾನದಲ್ಲಿ ಗೆದ್ದವರಲ್ಲಿ ಒಬ್ಬನಿಗೆ ಬಿಳಿ ಕುದುರೆ, ಇನ್ನೊಬ್ಬನಿಗೆ ಆ ಬಿಳಿ ಕುದುರೆಯವನ ಗುಂಡು. ಥಾಮ್ಸನ್ ಒಬ್ಬನ ತಪ್ಪಲ್ಲ ಇದು. ಆದರೂ ಅವನ ಜಿಗಿತವನ್ನ ಹೊಗಳೋವಾಗ ನನಗೆ ಥಾರ್ಪ್ ನೆನಪಾಗ್ತಾನೆ, ಚಪ್ಪಾಳೆ ಸ್ವಲ್ಪ ಮೆಲ್ಲಗಾಗುತ್ತೆ.

ಈಗ ಆ 'ತುತ್ತತುದಿ'ಯ ವಿಷಯಕ್ಕೆ ಬರೋಣ. 1926ರಲ್ಲಿ ಎಫ್‌ಬಿಒ ಸ್ಟುಡಿಯೋವನ್ನ ಜೋಸೆಫ್ ಕೆನಡಿ ಕೊಂಡ. ಮುಂದೆ ಅಮೆರಿಕದ ಅಧ್ಯಕ್ಷನಾದ ಜಾನ್ ಕೆನಡಿಯ ಅಪ್ಪ. ಸಿನಿಮಾದವನಲ್ಲ, ಲೆಕ್ಕದವನು. ಸ್ಟುಡಿಯೋದ ಆಸ್ತಿಗಳ ಪೈಕಿ ಹೆಚ್ಚು ದುಡ್ಡು ತರ್ತಿದ್ದದ್ದು ಥಾಮ್ಸನ್. ಕೆನಡಿ ಅವನ ಒಪ್ಪಂದವನ್ನ ತನ್ನ ಕೈಯಲ್ಲಿಟ್ಟುಕೊಂಡು, ಅವನ ಚಿತ್ರಗಳನ್ನ ಪ್ಯಾರಾಮೌಂಟಿಗೆ ಕೊಡೋ ವ್ಯವಹಾರ ಕುದುರಿಸಿದ. ಥಾಮ್ಸನ್‌ಗೆ ಅದು ಬಡ್ತಿ ಅನ್ನಿಸಿರಬೇಕು. ದೊಡ್ಡ ಕಂಪನಿ, ದೊಡ್ಡ ಬಜೆಟ್, 'ಜೆಸ್ಸಿ ಜೇಮ್ಸ್', 'ಕಿಟ್ ಕಾರ್ಸನ್' ಥರದ ಚರಿತ್ರೆಯ ಹೆಸರುಗಳು. 1927 ಮತ್ತು 28ರಲ್ಲಿ ಒಟ್ಟು ನಾಲ್ಕು ಚಿತ್ರ ಬಂದವು.

'ಜೆಸ್ಸಿ ಜೇಮ್ಸ್' ಚಿತ್ರದಲ್ಲೇ ಎಡವಿದ್ದು. ಆ ಚಿತ್ರದ ಪ್ರಿಂಟ್ ಈಗ ಉಳಿದಿಲ್ಲ, ಹಾಗಾಗಿ ಜಿಗಿತಗಳ ಬಗ್ಗೆ ನಾನು ಮಾತಾಡಲ್ಲ. ಆಯ್ಕೆಯ ಬಗ್ಗೆ ಮಾತಾಡಬಹುದು. ಮಕ್ಕಳು ನಂಬಿದ್ದ, ಮಾಜಿ ಪಾದ್ರಿಯಾದ ನಾಯಕನನ್ನ ತಂದು ಬ್ಯಾಂಕು ರೈಲು ದೋಚಿದ ದರೋಡೆಕೋರನ ಪಾತ್ರಕ್ಕೆ ಹಾಕಿದರು. ಹಾಕಿದ ಮೇಲೆ ಧೈರ್ಯ ಸಾಲದೆ ಆ ದರೋಡೆಕೋರನಿಗೇ ಸುಣ್ಣ ಬಳಿದು ಸಂತನನ್ನ ಮಾಡೋಕೆ ಹೋದರು. ಕಳ್ಳನನ್ನ ಹೀಗೆ ಹೊಗಳೋದಾ ಅಂತ ಟೀಕೆ ಬಂತು. ಕೊಂಕು ಇಲ್ಲದ ಮುಖಕ್ಕೆ ಕೊಂಕಿನ ಪಾತ್ರ ಕೊಡಬಾರದು ಅನ್ನೋ ಪಾಠ 'ದಿ ಲವ್ ಲೈಟ್' ಆರು ವರ್ಷ ಮೊದಲೇ ಹೇಳಿತ್ತು. ಇವನ ಬಂಡವಾಳ ಕಥೆಯಲ್ಲ, ಚರಿತ್ರೆಯೂ ಅಲ್ಲ, ಆ ಮೈ. ಅದನ್ನ ಇನ್ನೂ ಗಂಭೀರವಾಗಿಸ್ತೀವಿ ಅಂತ ಹೋದವರಿಗೆ ತಮ್ಮ ಕೈಲಿ ಇದ್ದದ್ದೇನು ಅನ್ನೋದೇ ಗೊತ್ತಿರಲಿಲ್ಲ.

1928ರಲ್ಲಿ ಪ್ಯಾರಾಮೌಂಟ್ ಸಾಕು ಅಂದಿತು. ಅಷ್ಟೊತ್ತಿಗೆ ಕೆನಡಿ ಎಫ್‌ಬಿಒಗೆ ಟಾಮ್ ಮಿಕ್ಸ್‌ನನ್ನ ಕರೆದುಕೊಂಡು ಬಂದಿದ್ದ. ಒಂದು ಲಾಯದಲ್ಲಿ ಇಬ್ಬರು ಕೌಬಾಯ್ ಯಾಕೆ? ಥಾಮ್ಸನ್‌ಗೆ ಚಿತ್ರ ಕೊಡಲಿಲ್ಲ, ಒಪ್ಪಂದದಿಂದ ಬಿಡಲೂ ಇಲ್ಲ.

ಸಾಫ್ಟ್‌ವೇರ್ ಕೆಲಸದಲ್ಲಿರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆ ನಾವು 'ಬೆಂಚ್' ಅಂತೀವಿ. ನಾನು ಮೊದಲು ಸೇರಿದ ಕಂಪನಿಯಲ್ಲಿ ಎರಡು ವರ್ಷದ ಬಾಂಡ್ ಬರೆಸಿಕೊಂಡು ಏಳು ತಿಂಗಳು ಬೆಂಚ್ ಮೇಲೆ ಕೂರಿಸಿದ್ದರು. ದಿನಾ ಬೆಳಿಗ್ಗೆ ಕಾರ್ಡ್ ಉಜ್ಜೋದು, ಕಾಫಿ ಕುಡಿಯೋದು, ಯಾರಾದರೂ ಕರೀತಾರಾ ಅಂತ ಕಾಯೋದು. ಸಂಬಳ ಬರ್ತಿತ್ತು. ಊರಲ್ಲಿ ಅಪ್ಪ ಹೆಮ್ಮೆಯಿಂದ ಹೇಳ್ಕೊಂಡು ತಿರುಗ್ತಿದ್ದರು. ಏಳನೇ ತಿಂಗಳ ಹೊತ್ತಿಗೆ ನನಗೆ ಕೋಡ್ ಬರೆಯೋಕೆ ಬರುತ್ತಾ ಅನ್ನೋದೇ ಅನುಮಾನ ಆಗಿತ್ತು. ನನಗೆ ಆಗ 23 ವರ್ಷ, ಕಾಯೋಕೆ ಟೈಮ್ ಇತ್ತು. ಥಾಮ್ಸನ್‌ಗೆ 38. ಮೈಯನ್ನೇ ನಂಬಿಕೊಂಡ ಕಸುಬು, ಅದರ ಜೊತೆಗೆ ಆ ವರ್ಷವೇ ಹಾಲಿವುಡ್ ಪೂರ್ತಿ ಮಾತಿನ ಚಿತ್ರಗಳ ಕಡೆ ಓಡ್ತಾ ಇತ್ತು. ಪಾದ್ರಿಯಾಗಿದ್ದವನಿಗೆ ಮಾತಾಡೋದು ಹೊಸದಲ್ಲ, ದೊಡ್ಡ ದನಿಯಲ್ಲಿ ಪ್ರವಚನ ಮಾಡಿ ಅಭ್ಯಾಸ ಇತ್ತು. ಆ ದನಿ ಪರದೆ ಮೇಲೆ ಬರಲೇ ಇಲ್ಲ. ಕೆಲಸವಿಲ್ಲದ ಮನುಷ್ಯ ಹೆಚ್ಚು ಹೊತ್ತು ಎಲ್ಲಿ ಇರ್ತಾನೆ? ಕುದುರೆಗಳ ಹತ್ತಿರ. ಡಿಸೆಂಬರಿನಲ್ಲಿ ಮೊಳೆ ತುಳಿದ.

ಬೆವರ್ಲಿ ಹಿಲ್ಸ್‌ನ ಗುಡ್ಡದ ಮೇಲೆ ವಾಸ್ತುಶಿಲ್ಪಿ ವಾಲೇಸ್ ನೆಫ್ ಇವರಿಗೆ ಕಟ್ಟಿಕೊಟ್ಟಿದ್ದ 'ಎನ್‌ಚಾಂಟೆಡ್ ಹಿಲ್' ಅನ್ನೋ ಬಂಗಲೆ, ಅದರ ಭರ್ಜರಿ ಕುದುರೆ ಲಾಯ ಎರಡೂ ಈಗಿಲ್ಲ. ಕೈ ಬದಲಾಗ್ತಾ ಬದಲಾಗ್ತಾ 1997ರಲ್ಲಿ ಅದನ್ನ ಕೊಂಡವನು ಮೈಕ್ರೋಸಾಫ್ಟ್ ಕಟ್ಟಿದ ಇಬ್ಬರಲ್ಲಿ ಒಬ್ಬನಾದ ಪಾಲ್ ಆಲನ್. ನಮ್ಮ ಕಸುಬಿನ ಕುಲದೇವರುಗಳಲ್ಲಿ ಒಬ್ಬ. ಮನೆ ಕೆಡವಿಸಿದ, ಆ ಜಾಗದಲ್ಲಿ ಹೊಸ ಮನೆ ಕಟ್ಟಲೂ ಇಲ್ಲ.

ಫ್ರಾನ್ಸಿಸ್ ಮೇರಿಯನ್ ಮಾತ್ರ ಚಿಕ್ಕ ಚಿಕ್ಕ ಇಬ್ಬರು ಹುಡುಗರನ್ನ ಇಟ್ಟುಕೊಂಡು ಕೆಲಸಕ್ಕೆ ವಾಪಸ್ ಹೋದಳು. 'ದಿ ಬಿಗ್ ಹೌಸ್' ಚಿತ್ರಕ್ಕೆ ಆಸ್ಕರ್ ಗೆದ್ದಳು. ಅದರ ಹಿಂದೆಯೇ 1931ರ ಚಿತ್ರ 'ದಿ ಚಾಂಪ್' ಕಥೆಗೆ ಇನ್ನೊಂದು. ಮಾಜಿ ಚಾಂಪಿಯನ್ ಬಾಕ್ಸರ್, ಅವನ ಪುಟ್ಟ ಮಗ, ಒಂದು ಕುದುರೆ. ಅಪ್ಪ ಜೂಜಿನಲ್ಲಿ ಮಗನ ಕುದುರೆಯನ್ನ ಕಳೀತಾನೆ. ಅದನ್ನ ಬಿಡಿಸಿಕೊಂಡು ಬರೋಕೆ ಸೋತ ಮೈ ಇಟ್ಟುಕೊಂಡು ಮತ್ತೆ ರಿಂಗಿಗೆ ಇಳೀತಾನೆ, ಗೆಲ್ತಾನೆ, ಕುದುರೆಯನ್ನ ಮಗನ ಕೈಗೆ ಕೊಟ್ಟು ಸಾಯ್ತಾನೆ. ಫ್ರಾನ್ಸಿಸ್ ಯಾರನ್ನ ನೆನೆಸಿಕೊಂಡು ಬರೆದಳು ಅಂತ ನಾನು ಹೇಳೋಕೆ ಹೋಗಲ್ಲ. ಥಾಮ್ಸನ್ ಬದುಕನ್ನ ಓದಿಕೊಂಡ ಮೇಲೆ ಆ ಚಿತ್ರವನ್ನ ನನಗಂತೂ ಬೇರೆ ಥರ ನೋಡೋಕೆ ಆಗಿಲ್ಲ. ಅದು ಸುಲಭವಾಗಿ ಸಿಗುತ್ತೆ. ಮೊದಲು 'ಥಂಡರಿಂಗ್ ಹೂಫ್ಸ್' ನೋಡಿ, ಸ್ವಲ್ಪ ಹೊತ್ತು ಬಿಟ್ಟು ಇದನ್ನ ಹಾಕಿ. ಎರಡನ್ನೂ ಒಂದೇ ರಾತ್ರಿ ನೋಡಿದರೆ ಒಳ್ಳೇದು.