ಸೊನ್ನೆ ದಿನಕ್ಕೆ ಕಟಾವಾಗುವ ಭತ್ತ

ವಯನಾಡಿನ ಗಂಧಕಸಾಲ, ಜೀರಕಸಾಲ ಅಕ್ಕಿಗಳಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಇಂಥ ತಳಿಗಳ ವಿವರ ಇಡಲು ಜಾವಾದಲ್ಲೊಂದು ಪುಟ್ಟ ಪ್ರೋಗ್ರಾಂ ಬರೆದೆವು ಎಂದಿಟ್ಟುಕೊಳ್ಳಿ. ‘ಭತ್ತ’ ಎಂಬ ಪೇರೆಂಟ್ ಕ್ಲಾಸಿನಲ್ಲಿ ತಳಿಯ ಹೆಸರು, ಕಟಾವಿಗೆ ಹಿಡಿಯುವ ದಿನ. ‘ಸಣ್ಣಕ್ಕಿ ಭತ್ತ’ ಎಂಬ ಚೈಲ್ಡ್ ಕ್ಲಾಸಿನಲ್ಲಿ ಪರಿಮಳದ ವಿವರ. ಚೈಲ್ಡ್‌ಗೆ ಮಾತ್ರ ‘ಸೀರಿಯಲೈಸಬಲ್’ ಎಂದು ಬರೆದು, ಆಬ್ಜೆಕ್ಟನ್ನು ಫೈಲಿಗಿಳಿಸಿ ಮತ್ತೆ ಓದಿದರೆ ಪರಿಮಳ ಇದೆ, ಹೆಸರು ಖಾಲಿ, ಕಟಾವಿಗೆ ಸೊನ್ನೆ ದಿನ. ಅಂಥ ಭತ್ತ ಯಾವ ರೈತನಿಗೆ ಬೇಡ!

ಇದು ಬಗ್ ಅಲ್ಲ, ಜಾವಾದ ನಿಯಮವೇ ಹೀಗೆ. ಪೇರೆಂಟ್ ಸೀರಿಯಲೈಸಬಲ್ ಅಲ್ಲದಿದ್ದರೆ ಅದರ ಫೀಲ್ಡುಗಳು ಫೈಲಿಗೆ ಹೋಗುವುದಿಲ್ಲ. ಓದುವಾಗ ಪೇರೆಂಟಿನ ಆರ್ಗ್ಯುಮೆಂಟಿಲ್ಲದ ಕನ್‌ಸ್ಟ್ರಕ್ಟರ್ ಓಡುತ್ತದೆ, ಚೈಲ್ಡಿನದು ಓಡುವುದೇ ಇಲ್ಲ. ಪೇರೆಂಟಿಗೆ ಅಂಥ ಕನ್‌ಸ್ಟ್ರಕ್ಟರೇ ಇಲ್ಲವೆನ್ನಿ, ಆಗಲೂ ಬರೆಯುವಾಗ ಚಕಾರವಿಲ್ಲ. ಎಕ್ಸೆಪ್ಶನ್ ಬೀಳುವುದು ಓದುವಾಗ. ಫೈಲು ಸೇವ್ ಆಯಿತೆಂದು ನಿಶ್ಚಿಂತೆಯಿಂದಿದ್ದವನಿಗೆ ತಿಂಗಳುಗಳ ನಂತರ ಗೊತ್ತಾಗಬಹುದು. ಈ ವಿನ್ಯಾಸದಲ್ಲಿ ನನಗೆ ಎಲ್ಲಕ್ಕಿಂತ ಅಕ್ಷಮ್ಯವಾಗಿ ಕಾಣುವುದು ಈ ಮೌನವೇ.

ಪರಿಹಾರವೇನೋ ಇದೆ. ಚೈಲ್ಡಿನಲ್ಲಿ ‘ರೈಟ್‌ಆಬ್ಜೆಕ್ಟ್’, ‘ರೀಡ್‌ಆಬ್ಜೆಕ್ಟ್’ ಮೆಥಡ್‌ಗಳನ್ನು ಬರೆದು ಪೇರೆಂಟಿನ ಬೆಲೆಗಳನ್ನು ಕೈಯಾರೆ ಉಳಿಸಬಹುದು. ಆದರೆ ಪೇರೆಂಟಿನ ಫೀಲ್ಡುಗಳು ಪ್ರೈವೇಟ್ ಆಗಿದ್ದರೆ ಅವನ್ನು ಓದಲು, ತುಂಬಲು ಎರಡು ಕಡೆಯೂ ದಾರಿ ತೆರೆಯಬೇಕು. ಎನ್‌ಕ್ಯಾಪ್ಸುಲೇಶನ್ ಎಂದು ಪಾಠ ಹೇಳಿದ್ದೆಲ್ಲ ಅಲ್ಲಿಗೆ ಮುಗಿಯಿತು. ಅದರ ಬದಲು ಪೇರೆಂಟನ್ನೇ ಸೀರಿಯಲೈಸಬಲ್ ಮಾಡಿದರೆ ಅದರ ಸಂತತಿಯೆಲ್ಲ ಬೇಕೋ ಬೇಡವೋ ಹಾಗೆಯೇ ಆಗುತ್ತದೆ. ಮುಂದೊಂದು ದಿನ ಕೋಡ್ ಚೊಕ್ಕ ಮಾಡಲು ಹೊರಟು ‘ಪರಿಮಳ’ವನ್ನು ಚೈಲ್ಡಿನಿಂದ ಪೇರೆಂಟಿಗೆ ಸರಿಸಿದಿರೋ, ಕ್ಲಾಸುಗಳ ಆವೃತ್ತಿ ಸಂಖ್ಯೆಯನ್ನು ಹಾಗೇ ಉಳಿಸಿಕೊಂಡಿದ್ದರೂ ಹಳೆಯ ಫೈಲಿನ ಪರಿಮಳ ಹೋಯಿತು. ಫೈಲಿನಲ್ಲಿ ಪ್ರತಿ ಬೆಲೆಯೂ ಆಯಾ ಕ್ಲಾಸಿನ ಹೆಸರಿನಡಿ ಕೂತಿರುತ್ತದೆ, ಹೊಸ ವಿಳಾಸ ಅದಕ್ಕೆ ತಿಳಿಯದು.

1997ರಲ್ಲಿ, ಜೆಡಿಕೆ 1.1ರ ಜೊತೆ ಬಂದಾಗ ಆಬ್ಜೆಕ್ಟನ್ನು ಫೈಲಿಗಿಳಿಸುವ ಈ ಸೀರಿಯಲೈಸೇಶನ್ ದೊಡ್ಡ ಅನುಕೂಲವೆಂದೇ ಕಂಡಿದ್ದಿರಬೇಕು: ಒಂದೇ ಪದ ಬರೆದರೆ ಸಾಕಿತ್ತಲ್ಲ. 2018ರಲ್ಲಿ ಜಾವಾದ ಮುಖ್ಯ ವಾಸ್ತುಶಿಲ್ಪಿ ಮಾರ್ಕ್ ರೈನ್‌ಹೋಲ್ಡ್ ಅವರೇ ಅದನ್ನು ಘೋರ ತಪ್ಪು ಎಂದರು. ಅವರು ಮುಖ್ಯವಾಗಿ ಹೇಳಿದ್ದು ಭದ್ರತೆಯ ಕಾರಣವನ್ನು. ಆನುವಂಶಿಕತೆಯ ಈ ತೊಡಕೊಂದೇ ಸಾಕಿತ್ತು ಎಂಬುದು ನನ್ನ ಅಭಿಪ್ರಾಯ. 2021ರ ಜಾವಾ 16ರಲ್ಲಿ ಬಂದ ‘ರೆಕಾರ್ಡ್’ಗಳು ಫೈಲಿನಿಂದ ಏಳುವಾಗ ತಮ್ಮ ಕನ್‌ಸ್ಟ್ರಕ್ಟರನ್ನು ಹಾದೇ ಬರುತ್ತವೆ. ಆದರೆ ರೆಕಾರ್ಡ್ ಇನ್ನೊಂದು ಕ್ಲಾಸನ್ನು ಪೇರೆಂಟ್ ಮಾಡಿಕೊಳ್ಳುವಂತಿಲ್ಲ. ನಮ್ಮ ಸಣ್ಣಕ್ಕಿ ಭತ್ತಕ್ಕೆ ಅದರಿಂದ ಉಪಯೋಗವಿಲ್ಲ.