ಸಮುದಾಯ ಅಂದ್ರ ಯಾವ ಸಮುದಾಯ?

ಶಿಕ್ಷಕರ ತರಬೇತಿಗಳಲ್ಲಿ ಒಂದು ಮಾತು ಓಡಾಡುತ್ತಿದೆ: 'ವೃತ್ತಿಪರ ಕಲಿಕಾ ಸಮುದಾಯ'. ಒಬ್ಬೊಬ್ಬರೇ ಕೋಣೆಯೊಳಗೆ ಒದ್ದಾಡುವುದನ್ನು ಬಿಟ್ಟು ಶಿಕ್ಷಕರು ಗುಂಪಾಗಿ ಕೂರಬೇಕು, ತಮ್ಮ ಪಾಠವನ್ನು ತಾವೇ ಒರೆಗೆ ಹಚ್ಚಬೇಕು, ಒಬ್ಬರಿಂದ ಒಬ್ಬರು ಕಲಿಯಬೇಕು ಅನ್ನುವುದು ಅದರ ಸಾರ. 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಶೆರ್ಲಿ ಹಾರ್ಡ್, ರಿಚರ್ಡ್ ಡುಫೋರ್ ಮೊದಲಾದವರು ಬೆಳೆಸಿದ ವಿಚಾರ ಇದು. ಶಿಕ್ಷಕರು ವರ್ಷಕ್ಕೆ 50 ಗಂಟೆಯಾದರೂ ತಮ್ಮ ಕಲಿಕೆಗೆ ಕೊಡಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಆ ನೀತಿಯನ್ನು ಕೈಬಿಡುವುದಾಗಿ 2023ರಲ್ಲಿ ಕರ್ನಾಟಕ ಸರ್ಕಾರ ಹೇಳಿದರೂ ಈ ಮಾತು ಉಳಿದುಕೊಂಡಿದೆ.

ವಿಚಾರ ಒಳ್ಳೆಯದೇ. ಆದರೆ ಅದನ್ನು ಕನ್ನಡಕ್ಕೆ ತಂದವರು ಎರಡು ಶಬ್ದಗಳನ್ನು ಎಚ್ಚರವಿಲ್ಲದೆ ಎತ್ತಿಕೊಂಡಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಹೊಸ ಮಾಸ್ತರು ಬಂದ ದಿನವೇ ಯಾರಾದರೂ ಒಬ್ಬರು ನಯವಾಗಿ ಕೇಳುತ್ತಾರೆ: 'ಸರ, ತಾವು ಯಾವ ಸಮುದಾಯದವ್ರು?' ಬಾಡಿಗೆ ಮನೆ ಊರೊಳಗೆ ಸಿಗಬೇಕೋ ಹೊರಗೆ ಸಿಗಬೇಕೋ ಅನ್ನುವುದು ಆ ಉತ್ತರದ ಮೇಲೆ ನಿಂತಿದೆ. ಸಮುದಾಯ ಅಂದರೆ ಇಲ್ಲಿ ಜಾತಿ. ಇನ್ನು ವೃತ್ತಿ ಅಂದರೆ ಹುಟ್ಟುತ್ತಲೇ ಕೊರಳಿಗೆ ಬಿದ್ದ ಕುಲಕಸುಬು. ವೃತ್ತಿಯ ಮೇಲೆ ಕಟ್ಟಿದ ಸಮುದಾಯವನ್ನು ಈ ನಾಡಿಗೆ ಅಮೆರಿಕದಿಂದ ತರಬೇಕಾಗಿಲ್ಲ. ಸಾವಿರಾರು ವರ್ಷದಿಂದ ಅದು ನಮ್ಮಲ್ಲಿ ಇದೆ, ಮತ್ತು ಕೆಳಗಿನವರು ಕಲಿಯಬಾರದು ಅಂತಲೇ ಇದೆ. ಆದ್ದರಿಂದ ನಮ್ಮ ಪ್ರಶ್ನೆ ಇಷ್ಟು: ಶಿಕ್ಷಕರ ಈ ಹೊಸ ಸಮುದಾಯ ಆ ಹಳೆಯ ಸಮುದಾಯವನ್ನು ಒಡೆಯುತ್ತದೋ, ಇಲ್ಲಾ ಅದರ ಮೇಲೆಯೇ ಜಮಖಾನೆ ಹಾಸಿ ಕೂರುತ್ತದೋ?

ಹುಲಿಹೈದರದ ಕಡೆಯಿಂದ ನೋಡೋಣ. ಈಗ ಇದು ಕೊಪ್ಪಳ ಜಿಲ್ಲೆಯ ಕನಕಗಿರಿ ತಾಲ್ಲೂಕು. ಅದಕ್ಕೂ ಮೊದಲು ಗಂಗಾವತಿ ತಾಲ್ಲೂಕು. 1997ರಲ್ಲಿ ಕೊಪ್ಪಳ ಜಿಲ್ಲೆ ಆಗುವ ತನಕ ರಾಯಚೂರು ಜಿಲ್ಲೆ. ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿಯ ಸುತ್ತ ಭತ್ತ ಬೆಳೆಸಿತು. ಈ ಕಡೆಯ ಒಣ ಹೊಲಗಳು ಮಳೆಗೆ ಬಾಯಿ ತೆರೆದು ಕೂತವು. ಮಳೆ ಕೈಕೊಟ್ಟ ವರ್ಷ ಕೇರಿಯಲ್ಲಿ, ತಾಂಡಾದಲ್ಲಿ ಮನೆಗಳಿಗೆ ಬೀಗ ಬೀಳುತ್ತದೆ. ತಂದೆ ತಾಯಿಯ ಜೊತೆ ಮಕ್ಕಳೂ ಗುಳೆ ಹೋಗುತ್ತವೆ. ಹಾಜರಿ ಪುಸ್ತಕಕ್ಕೆ ಗುಳೆ ಅನ್ನುವ ಶಬ್ದ ಗೊತ್ತಿಲ್ಲ. ಅದರಲ್ಲಿ ಆ ಮಗು ಬರೀ 'ಗೈರು'.

1990ರ ದಶಕದ ನಡುವೆ ಡಿಪಿಇಪಿ ಯೋಜನೆ ಕರ್ನಾಟಕಕ್ಕೆ ಬಂದಾಗ ಮೊದಲ ನಾಲ್ಕು ಜಿಲ್ಲೆಗಳಲ್ಲಿ ರಾಯಚೂರೂ ಇತ್ತು. ಬೆಳಗಾವಿ, ಕೋಲಾರ, ಮಂಡ್ಯ ಉಳಿದ ಮೂರು. ಕ್ಲಸ್ಟರ್ ಸಂಪನ್ಮೂಲ ಕೇಂದ್ರ ಬಂದದ್ದು ಆ ಯೋಜನೆಯಿಂದ. ಅಕ್ಕಪಕ್ಕದ ಶಾಲೆಗಳ ಮಾಸ್ತರು, ಅಕ್ಕೋರು ಒಂದೆಡೆ ಸೇರಬೇಕು, ಪಾಠದ ಕಷ್ಟ ಸುಖ ಮಾತಾಡಬೇಕು ಅಂತ ಸಮಾಲೋಚನಾ ಸಭೆ ಶುರುವಾಯಿತು. ಅಂದರೆ ಕೂಡುವುದಕ್ಕೆ ಜಾಗ ಸಿಕ್ಕು ಮೂವತ್ತು ವರ್ಷ ಆಗಿದೆ. 'ಸಮುದಾಯ ಕಟ್ಟಿ' ಅಂತ ಈಗ ಹೇಳುವವರು ಮೊದಲು ಈ ಮೂವತ್ತು ವರ್ಷದ ಲೆಕ್ಕ ಕೊಡಬೇಕು.

ಸಭೆ ಹೇಗೆ ನಡೆಯುತ್ತದೆ ಅನ್ನುವುದು ಹೋಗಿಬಂದ ಎಲ್ಲರಿಗೂ ಗೊತ್ತು. ಮೊದಲು ಸುತ್ತೋಲೆ ಓದುವುದು. ಆಮೇಲೆ ಮಾಹಿತಿ. ಸಮವಸ್ತ್ರದ ಮಾಹಿತಿ, ಆಧಾರ್ ಮಾಹಿತಿ, ಮೊಟ್ಟೆಯ ಲೆಕ್ಕ, ಶೌಚಾಲಯದ ಫೋಟೋ. 'ಅದನ್ನ ಇವತ್ತ ಸಂಜೀಕ ಕಳಸ್ರಿ, ಬಿಇಒ ಆಫೀಸಿನಿಂದ ಫೋನ್ ಬಂದೈತಿ.' ಸಿಆರ್‌ಪಿಯಾದವನೂ ಒಬ್ಬ ಮಾಸ್ತರೇ. ಅವನ ತಲೆ ಮೇಲೆಯೂ ಕತ್ತಿ ತೂಗುತ್ತಿದೆ. ಕೊನೆಗೆ ಒಬ್ಬರು ಮಾದರಿ ಪಾಠ ಮಾಡುತ್ತಾರೆ, ಉಳಿದವರು 'ಭಾಳ ಚಲೋ ಆತು' ಅನ್ನುತ್ತಾರೆ, ಸಹಿ ಬೀಳುತ್ತದೆ. ಪ್ರಶ್ನೆ ಕೇಳಿದವನು ತಲೆತಿರುಕ ಅನ್ನಿಸಿಕೊಳ್ಳುತ್ತಾನೆ. ಇದನ್ನು ಸಮುದಾಯ ಅಂತ ಕರೆದರೆ ಸಂತೆಯನ್ನೂ ಸಮುದಾಯ ಅನ್ನಬಹುದು. ಸಂತೆಯಲ್ಲಿ ಚೌಕಾಶಿಗಾದರೂ ಅವಕಾಶ ಇದೆ.

ಮಕ್ಕಳ ಮಾತು ಬಂದಾಗ ಸಭೆಯ ನಿಜವಾದ ಬಣ್ಣ ಕಾಣುತ್ತದೆ. 'ಆ ಕೇರಿ ಹುಡುಗ್ರು ಹಂಗ ರೀ, ಅವರ ಮನ್ಯಾಗ ಓದೋ ವಾತಾವರಣನ ಇಲ್ಲ.' ಈ ಒಂದು ವಾಕ್ಯ ಎಷ್ಟು ಮಾಸ್ತರಿಗೆ ಎಷ್ಟು ವರ್ಷ ಅನ್ನ ಹಾಕಿದೆಯೋ! ಇದನ್ನೇ ಕಾಗದದ ಮೇಲೆ 'ಕಲಿಕಾ ನ್ಯೂನತೆ' ಅಂತ ಬರೆಯುತ್ತಾರೆ. ಕೊರೋನಾ ಮುಗಿದ ಮೇಲೆ, 2022-23ರಲ್ಲಿ, 'ಕಲಿಕಾ ಚೇತರಿಕೆ' ಅಂತ ವರ್ಷವಿಡೀ ಕಾರ್ಯಕ್ರಮ ನಡೆಯಿತು. ರೋಗ ಮಗುವಿನದು, ಔಷಧ ಇಲಾಖೆಯದು. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ, ಪುಸ್ತಕದ ಕನ್ನಡ ಅದಕ್ಕೆ ಎರಡನೆಯ ಭಾಷೆ ಅನ್ನುವುದು ಯಾರ ನ್ಯೂನತೆ? ದೇವದಾಸಿ ಪದ್ಧತಿಗೆ 1982ರಲ್ಲೇ ಕಾನೂನು ಮಾಡಿದ ರಾಜ್ಯದಲ್ಲಿ ದಾಖಲಾತಿ ಅರ್ಜಿಯ 'ತಂದೆಯ ಹೆಸರು' ಅನ್ನುವ ಕಾಲಂ ಮುಂದೆ ತಲೆ ತಗ್ಗಿಸಿ ನಿಂತ ತಾಯಿಯನ್ನು ಎಷ್ಟು ಸಭೆಗಳು ನೆನೆದಿವೆ? 2021ರ ಡಿಸೆಂಬರಿನಲ್ಲಿ ಕೊಪ್ಪಳವೂ ಸೇರಿ ಏಳು ಜಿಲ್ಲೆಗಳ ಶಾಲೆಗಳಿಗೆ ಮೊಟ್ಟೆ ಬಂತು. ಕೆಲವು ಮಠಾಧೀಶರು ಬೇಡ ಅಂದರು. ಮೊಟ್ಟೆ ತಿನ್ನುವ ಮಕ್ಕಳು ಒಂದು ಸಾಲು, ಬಾಳೆಹಣ್ಣಿನ ಮಕ್ಕಳು ಇನ್ನೊಂದು ಸಾಲು ಆಗದಂತೆ ನೋಡಿಕೊಳ್ಳುವುದು ಹೇಗೆ ಅನ್ನುವುದು ಗಣಿತದಷ್ಟೇ ದೊಡ್ಡ ಪಾಠ. ಸಭೆಗೆ ಬಂದದ್ದು ಮೊಟ್ಟೆಯ ಲೆಕ್ಕ ಮಾತ್ರ.

ಶಾಲೆಯ ಗೋಡೆಯ ಆಚೆ ಏನಾಗಿದೆ ನೋಡ್ರಿ. 2014ರ ಆಗಸ್ಟಿನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲುಗಳಲ್ಲಿ ದಲಿತರನ್ನು ಒಳಗೆ ಬಿಡದಿದ್ದದ್ದು ಅದರ ಹಿನ್ನೆಲೆ. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವರಲ್ಲಿ ಬಹುಪಾಲು ಮಂದಿಗೆ ಆಮೇಲೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತು. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಪುಟ್ಟ ದಲಿತ ಮಗುವೊಂದು ಗುಡಿಯೊಳಗೆ ಓಡಿಹೋಯಿತು ಅಂತ ಶುದ್ಧಿಗೆ 25,000 ರೂಪಾಯಿ ದಂಡ ಕೇಳಿದರು. 2022ರ ಆಗಸ್ಟಿನಲ್ಲಿ ಹುಲಿಹೈದರದಲ್ಲೇ ಎರಡು ಗುಂಪು ಬಡಿದಾಡಿ ಇಬ್ಬರು ಸತ್ತರು. ಹೆಸರಿನಲ್ಲೇ ಹುಲಿಯನ್ನೂ ಹೈದರನನ್ನೂ ಒಟ್ಟಿಗೆ ಇಟ್ಟುಕೊಂಡ ಊರಿಗೆ ನಿಷೇಧಾಜ್ಞೆ ಬಿತ್ತು.

ಬೆಂಕಿ ಹಚ್ಚಿದ ಕೈಗಳಿಗೂ ಯಾವನೋ ಒಬ್ಬ ಮಾಸ್ತರು ಅಕ್ಷರ ತಿದ್ದಿಸಿರಬೇಕು. ದಂಡ ಕೇಳಿದ ಬಾಯಿಗಳೂ ಪ್ರಾರ್ಥನೆಯ ಸಾಲಿನಲ್ಲಿ ನಿಂತು ಸಂವಿಧಾನದ ಪೀಠಿಕೆ ಕೇಳಿರಬಹುದು. ಇಂಥದ್ದು ನಡೆದ ಮಾರನೆಯ ತಿಂಗಳು ಆ ಸುತ್ತಿನ ಶಿಕ್ಷಕರು ಕೂತು 'ನಮ್ಮ ಪಾಠ ಎಲ್ಲಿ ಸೋತಿತು' ಅಂತ ಕೇಳಿಕೊಂಡರೆ ಅದು ಕಲಿಕಾ ಸಮುದಾಯ. ಕೇಳಿಕೊಳ್ಳದಿದ್ದರೆ ಅದು ಸಂಬಳದ ಸಮುದಾಯ.

'ಜಾತಿ ರಾಜಕೀಯ ಸಾಲೀಗೆ ಬ್ಯಾಡ' ಅನ್ನುವವರು ಇದ್ದಾರೆ. 2025ರಲ್ಲಿ ಏನಾಯಿತು? ಮೇ ತಿಂಗಳಲ್ಲಿ ಪರಿಶಿಷ್ಟ ಜಾತಿಗಳ ಸಮೀಕ್ಷೆ, ಸೆಪ್ಟೆಂಬರಿನಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ. ಎರಡಕ್ಕೂ ಮನೆ ಮನೆ ತಿರುಗಿ ಜಾತಿ ಬರೆದುಕೊಂಡವರು ಸರ್ಕಾರಿ ಶಾಲೆಯ ಶಿಕ್ಷಕರು. ದಸರಾ ರಜೆಯನ್ನೂ ಅದಕ್ಕಾಗಿ ಮುಂದಕ್ಕೆ ಎಳೆದರು. ಜಾತಿ ಎಣಿಸಲು ಮಾಸ್ತರು ಬೇಕು, ಜಾತಿಯ ಬಗ್ಗೆ ಯೋಚಿಸಲು ಮಾಸ್ತರು ಬೇಡ ಅಂದರೆ ಹೇಗೆ? ಯಾವ ಮನೆಯಲ್ಲಿ ಎಷ್ಟು ಮಕ್ಕಳು ಶಾಲೆ ಬಿಟ್ಟಿವೆ ಅನ್ನುವುದನ್ನು ಹೊಸ್ತಿಲ ಹತ್ತಿರ ನಿಂತು ಕಣ್ಣಾರೆ ಕಂಡವರು ಅವರು. ಆ ಅನುಭವ ಯಾವ ತರಬೇತಿ ಪುಸ್ತಕದಲ್ಲೂ ಇಲ್ಲ.

ಶಿಕ್ಷಕರಿಗೆ ಶಕ್ತಿ ಇಲ್ಲ ಅಂತ ಮಾತ್ರ ಯಾರೂ ಹೇಳಬಾರದು. ಇದೇ ಕರ್ನಾಟಕದಲ್ಲಿ, 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿದರು. ಬಂದವರು ಕೂತು ಪಠ್ಯವನ್ನು ಒಡೆದರು, ಕಾರ್ಡು ಬರೆದರು, ಕಲಿಕಾ ಏಣಿ ಕಟ್ಟಿದರು. ಕಾಡಂಚಿನ ಮಕ್ಕಳು ತಮ್ಮ ತಮ್ಮ ವೇಗದಲ್ಲಿ, ನೆಲದ ಮೇಲೆ ಗುಂಪಾಗಿ ಕೂತು ಕಲಿತರು. ಹಿಂದಿನ ಬೆಂಚು ಅನ್ನುವುದೇ ಇರಲಿಲ್ಲ. ಕೇರಿಯ ಮಗುವಿಗೆ ಇದರ ಬೆಲೆ ಏನು ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ. ಗುಳೆ ಹೋಗಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದಿತ್ತು. ಅದೇ 'ನಲಿ ಕಲಿ'.

2009-10ರಲ್ಲಿ ನಲಿ ಕಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಕಾರ್ಡು ಬಂತು, ಏಣಿ ಬಂತು, ತಟ್ಟೆ ಬಂತು. ಬರದೇ ಉಳಿದದ್ದು ಒಂದೇ: ಅದನ್ನು ಮಾಡಿದವರ ಕೂಟ. ಹೆಗ್ಗಡದೇವನಕೋಟೆಯ ಮಾಸ್ತರು ತಪ್ಪಾದ ಕಾರ್ಡನ್ನು ತಾವೇ ಹರಿದು ಹೊಸದು ಬರೆಯಬಲ್ಲವರಾಗಿದ್ದರು. ಹುಲಿಹೈದರದ ಮಾಸ್ತರಿಗೆ ಅದು ಆದೇಶವಾಗಿ ಬಂತು. ಮೈಸೂರು ಕಡೆಯ ಮಾತಿನ ಕಾರ್ಡನ್ನು ಕೊಪ್ಪಳದ ಮಗುವಿನ ಮುಂದೆ ಇಟ್ಟು 'ಇದು ನಮ್ಮ ಮಾತಲ್ಲ, ಬದಲಿಸೋಣ' ಅನ್ನುವ ಅಧಿಕಾರ ಅವನಿಗೆ ಇರಲಿಲ್ಲ. ಪದ್ಧತಿಯನ್ನು ಲಾರಿಯಲ್ಲಿ ಸಾಗಿಸಬಹುದು. ಅದನ್ನು ಹುಟ್ಟಿಸಿದ ಧೈರ್ಯವನ್ನು ಸಾಗಿಸಲು ಬರುವುದಿಲ್ಲ. 'ವೃತ್ತಿಪರ ಕಲಿಕಾ ಸಮುದಾಯ'ಕ್ಕೂ ಇದೇ ಗತಿ ಬರುತ್ತದೆ ಅನ್ನುವುದು ನಮ್ಮ ಭಯ.

ನಮ್ಮ ಚಳವಳಿಗೆ ಬೇರೆ ಮಾದರಿ ಗೊತ್ತು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಬಿ. ಕೃಷ್ಣಪ್ಪ ಭದ್ರಾವತಿಯಲ್ಲಿ ಕಾಲೇಜು ಮೇಷ್ಟ್ರು. ಎಪ್ಪತ್ತು ಎಂಬತ್ತರ ದಶಕದ ಅಧ್ಯಯನ ಶಿಬಿರಗಳಲ್ಲಿ ಹಳ್ಳಿ ಶಾಲೆಯ ಮಾಸ್ತರೂ ಹಾಸ್ಟೆಲಿನ ಹುಡುಗರೂ ಒಂದೇ ಚಾಪೆಯ ಮೇಲೆ ಕೂತರು. ಅಲ್ಲಿ ಹಾಜರಿಗೆ ಭತ್ಯೆ ಇರಲಿಲ್ಲ. ಕೇಳಿದ್ದನ್ನು ಪ್ರಶ್ನಿಸುವ ಹಕ್ಕು ಇತ್ತು, ಕಲಿತದ್ದಕ್ಕೆ ಮಾರನೆಯ ದಿನ ಊರಿನಲ್ಲಿ ಬೆಲೆ ತೆರಬೇಕಾಗಿತ್ತು. ಕಲಿಕೆಗೆ ಜೀವ ಬರುವುದು ಹಾಗೆ.

ಹಾಗಾದರೆ ಏನು ಮಾಡಬೇಕು? ಹೆಚ್ಚೇನೂ ಬೇಡ. ಸುತ್ತೋಲೆ, ಮಾಹಿತಿ ಎಲ್ಲಾ ಫೋನಿನಲ್ಲಿ ಮುಗಿಯಲಿ. ಸಭೆಯ ಹೊತ್ತು ಶಿಕ್ಷಕರ ಕೈಗೆ ಬರಲಿ. ಪ್ರತಿಯೊಬ್ಬರೂ ಒಂದು ಮಗುವಿನ ಕಥೆ ತರಲಿ. ಚಂದದ ಅಕ್ಷರದ ಪಟ್ಟಿ ತೋರಿಸುವುದು ಬೇಡ, ಕಲಿಸಲು ತಮ್ಮಿಂದ ಆಗದೇ ಹೋದ ಮಗುವಿನದೇ ಬೇಕು. ಅದು ಎಲ್ಲಿ ಕೂರುತ್ತದೆ, ಯಾರ ಜೊತೆ ಉಣ್ಣುತ್ತದೆ, ಯಾವ ತಿಂಗಳು ಮಾಯವಾಗುತ್ತದೆ, ಮನೆಯಲ್ಲಿ ಯಾವ ಮಾತಾಡುತ್ತದೆ ಅಂತ ಹೇಳಲಿ. ಉಳಿದವರು ಹೊಗಳುವುದನ್ನು ಬಿಟ್ಟು ಪ್ರಶ್ನೆ ಕೇಳಲಿ. ಸಭೆ ಒಮ್ಮೆ ಊರಿನ ಶಾಲೆಯಲ್ಲಿ, ಒಮ್ಮೆ ತಾಂಡಾದ ಶಾಲೆಯಲ್ಲಿ, ಒಮ್ಮೆ ಕೇರಿಯ ಅಂಬೇಡ್ಕರ್ ಭವನದಲ್ಲಿ ನಡೆಯಲಿ. ಅಡುಗೆ ಮಾಡುವ ಅಕ್ಕನೂ ಕೂರಲಿ. ಯಾವ ಮಗು ಯಾರ ಕೈಯನ್ನ ಉಣ್ಣುವುದಿಲ್ಲ ಅಂತ ಅವಳಿಗೆ ಗೊತ್ತಿರುವಷ್ಟು ಹೆಡ್‌ಮಾಸ್ತರಿಗೂ ಗೊತ್ತಿಲ್ಲ. ಅಲ್ಲಿ ಬರೆದ ಪುಸ್ತಕ ಮೇಲಧಿಕಾರಿಗೆ ಹೋಗದೆ ಶಿಕ್ಷಕರ ಬಳಿಯೇ ಉಳಿಯಲಿ.

ಇದಕ್ಕೆ ಯಾವ ಇಲಾಖೆಯ ಅಪ್ಪಣೆಯೂ ಬೇಕಾಗಿಲ್ಲ. ಪಕ್ಕದ ಮೂರು ಶಾಲೆಗಳ ಮೂರು ಜನ ಶನಿವಾರ ಮಧ್ಯಾಹ್ನ ಕೂತರೆ ಸಾಕು. ಆ ಮೂವರಲ್ಲಿ ಒಬ್ಬರು ಕೇರಿಯಿಂದ ಬಂದವರಿದ್ದರೆ, ಉಳಿದಿಬ್ಬರು ಅವರ ಬುತ್ತಿ ಹಂಚಿಕೊಂಡು ಉಂಡರೆ, 'ಯಾವ ಸಮುದಾಯ?' ಅನ್ನುವ ಊರಿನ ಪ್ರಶ್ನೆಗೆ ಮೊದಲ ಸಲ ಬೇರೆ ಉತ್ತರ ಸಿಗುತ್ತದೆ.